ಓದುಗರ ಪ್ರಶ್ನೆ: ಓಡುವ ಕಾರಿನ ಟೈರ್ ಸಿಡಿದಾಗ

ಪ್ರಶ್ನೆ: ಕಳೆದ ತಿಂಗಳು ಹೆದ್ದಾರಿಯಲ್ಲಿ ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿದ್ದಾಗ ನಮ್ಮ ಕಾರಿನ ಮುಂದಿನ ಎಡ ಟೈರ್ ಢಬ್ಬೆಂದು ಸಿಡಿಯಿತು. ಗಾಬರಿಯಲ್ಲಿ ಬ್ರೇಕ್ ಒತ್ತಿಬಿಟ್ಟೆ. ಕಾರು ಎಡಕ್ಕೆ ಎಳೆದುಕೊಂಡು ಹೋಗಿ, ಅರ್ಧ ಸುತ್ತು ತಿರುಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಅಂದಿನಿಂದ ಸ್ಟೇರಿಂಗ್ ಹಿಡಿಯಲು ಭಯವಾಗುತ್ತಿದೆ. ನಾನು ಏನು ಮಾಡಬೇಕಿತ್ತು? ಬೇಸಿಗೆಯೆಂದು ಟೈರಿಗೆ ಗಾಳಿ ಕಡಿಮೆ ಹಾಕಿಸಿದ್ದೆ, ಅದು ತಪ್ಪಾಯಿತೇ?

ಉತ್ತರ: ಎಲ್ಲರೂ ಸುರಕ್ಷಿತವಾಗಿರುವುದು ಸಮಾಧಾನದ ವಿಷಯ. ಅಂಥ ಸದ್ದು ಕೇಳಿದೊಡನೆ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಆದರೆ ತಡೆದುಕೊಳ್ಳಬೇಕಾದದ್ದು ಅದೊಂದನ್ನೇ. ಬ್ರೇಕ್ ಬಲವಾಗಿ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಜಾರಿ ಸಿಡಿದ ಟೈರಿನ ಮೇಲೆಯೇ ಕೂರುತ್ತದೆ, ಹಿಂದಿನ ಗಾಲಿಗಳು ಹಗುರಾಗಿ ರಸ್ತೆಯ ಹಿಡಿತ ಕಳೆದುಕೊಳ್ಳುತ್ತವೆ. ನಿಮ್ಮ ಕಾರು ಸುತ್ತು ತಿರುಗಿದ್ದು ಹೀಗೆಯೇ ಇರಬೇಕು.

ಮೊದಲು ದಿಕ್ಕು, ಆಮೇಲೆ ವೇಗ. ಎರಡೂ ಕೈಗಳಿಂದ ಸ್ಟೇರಿಂಗ್ ಬಿಗಿಯಾಗಿ ಹಿಡಿದು, ಕಾರು ಯಾವ ಕಡೆ ಎಳೆಯುತ್ತದೆಯೋ ಅದಕ್ಕೆ ಎದುರಾಗಿ, ನೇರ ಹೋಗಲು ಬೇಕಾದಷ್ಟೇ ತಿರುಗಿಸಿ. ಜೋರಾಗಿ ಎಳೆದರೆ ಕಾರು ಇನ್ನೊಂದು ಬದಿಗೆ ನುಗ್ಗುತ್ತದೆ. ಮುಂದಿನ ಟೈರ್ ಸಿಡಿದರೆ ಎಳೆತ ಕೈಗೆ ತಿಳಿಯುತ್ತದೆ, ಹಿಂದಿನದಾದರೆ ಕಾರಿನ ಹಿಂಭಾಗ ತೂಗಾಡುವುದು ಕುಳಿತ ಸೀಟಿಗೇ ತಿಳಿಯುತ್ತದೆ. ಎರಡಕ್ಕೂ ಉಪಾಯ ಒಂದೇ. ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ತೆಗೆಯದೆ ನಿಧಾನವಾಗಿ ಸಡಿಲಿಸಿ, ನ್ಯೂಟ್ರಲ್‌ಗೆ ತರದೆ, ವೇಗ ತಾನಾಗಿ ಇಳಿಯಲು ಬಿಡಿ. ಚೆನ್ನಾಗಿ ವೇಗ ಇಳಿದು ಕಾರು ಹತೋಟಿಗೆ ಬಂದ ಮೇಲಷ್ಟೇ ಬ್ರೇಕನ್ನು ಮೆಲ್ಲಗೆ ಒತ್ತಿ, ಇಂಡಿಕೇಟರ್ ಹಾಕಿ ರಸ್ತೆಯ ಅಂಚಿಗೆ ಸರಿಯಿರಿ. ರಿಮ್ ಹಾಳಾಗುತ್ತದೆಂದು ವಾಹನಗಳ ನಡುವೆಯೇ ನಿಲ್ಲಿಸಬೇಡಿ. ರಿಮ್ ಹೋದರೆ ಇನ್ನೊಂದು ಸಿಗುತ್ತದೆ. ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಮಿನುಗಲಿ, ಒಳಗಿದ್ದವರೆಲ್ಲ ವಾಹನಗಳು ಓಡುವ ಬದಿಯಿಂದ ಇಳಿಯದೆ ರಸ್ತೆಯಿಂದ ದೂರ ನಿಲ್ಲಲಿ. ಜಾಗ ಇಕ್ಕಟ್ಟಾಗಿದ್ದರೆ ಅಲ್ಲೇ ಜಾಕ್ ಹಾಕುವ ಸಾಹಸ ಬೇಡ, ಸಹಾಯಕ್ಕೆ ಕರೆಯಿರಿ.

ಭಯದ ಮಾತಿಗೆ ಬಂದರೆ, ನಿಲ್ಲಿಸಿದ ಕಾರಿನಲ್ಲಿ ಕುಳಿತು, ಕೈ ಬಿಗಿ ಹಿಡಿದು ಕಾಲನ್ನು ಮೆಲ್ಲಗೆ ಸಡಿಲಿಸುವುದನ್ನು ಹತ್ತಾರು ಬಾರಿ ಅಭ್ಯಾಸ ಮಾಡಿ. ತುಸು ವಿಚಿತ್ರವೆನಿಸಿದರೂ ಕಾಲಿಗೆ ಹೊಸ ರೂಢಿ ಬೀಳುವುದು ಹಾಗೆಯೇ.

ಗಾಳಿಯ ವಿಷಯದಲ್ಲಿ ನೀವು ನಂಬಿದ್ದು ತಪ್ಪು, ಅಷ್ಟೇ ಅಲ್ಲ, ಅಪಾಯಕಾರಿ. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ. ಆ ಮಡಚಾಟದಿಂದ ಹುಟ್ಟುವ ಬಿಸಿ ಒಳಗಿನ ಪದರಗಳ ಅಂಟನ್ನೇ ಬಿಡಿಸುತ್ತದೆ. ತುಂಬಿದ ಡಿಕ್ಕಿ, ಬಿಸಿ ರಸ್ತೆ, ವೇಗ ಇವೂ ಕೂಡಿದರೆ ಟೈರ್ ಸಿಡಿಯಲು ಇನ್ನೇನೂ ಬೇಕಿಲ್ಲ. ಓಡುವಾಗ ಗಾಳಿ ಬಿಸಿಯಾಗಿ ಒತ್ತಡ ಏರುವುದನ್ನು ಲೆಕ್ಕಕ್ಕೆ ಹಿಡಿದೇ ತಯಾರಕರು ಅಂಕಿ ಕೊಟ್ಟಿರುತ್ತಾರೆ. ಚಾಲಕನ ಬಾಗಿಲು ತೆರೆದರೆ ಅದರ ಚೀಟಿ ಸಾಮಾನ್ಯವಾಗಿ ಬಾಗಿಲ ಚೌಕಟ್ಟಿನ ಕಂಬದ ಮೇಲೆ ಅಂಟಿಸಿರುತ್ತದೆ. ಟೈರಿನ ಮೇಲೆ ಅಚ್ಚಾದದ್ದು ಗರಿಷ್ಠ ಮಿತಿ, ಅದನ್ನು ಅನುಸರಿಸಬೇಡಿ. ತಿಂಗಳಿಗೊಮ್ಮೆಯಾದರೂ, ಕಾರು ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಸ್ಟೆಪ್ನಿಯಲ್ಲೂ ನೋಡಿ, ಬೇಕಾದ ದಿನವೇ ಅದು ಖಾಲಿಯಾಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ.