ಗೋಣಿಚೀಲ ತೂಗಿದ ಗೆಳೆಯ

ವಿರಾಜಪೇಟೆಯ ಓದುಗರೊಬ್ಬರು ಬರೆದಿದ್ದಾರೆ: ‘ಪಿಯುಸಿ ಓದುವ ನನ್ನ ಮಗ ಚರ್ಚಿನ ಯುವಕರ ಕೂಟ ಬಿಟ್ಟು ಹಾಕಿ ಮೈದಾನದ ಗೆಳೆಯರೊಂದಿಗೇ ಇರುತ್ತಾನೆ. ಒಬ್ಬ ಕೊಡವ, ಒಬ್ಬ ಮುಸ್ಲಿಂ, ಇನ್ನೊಬ್ಬ ತೋಟದ ಕೂಲಿಕಾರರ ಲೈನ್ ಮನೆಯ ಹುಡುಗ. ದುಸ್ಸಹವಾಸವು ಸದಾಚಾರವನ್ನು ಕೆಡಿಸುತ್ತದೆ ಎಂದು ಬೈಬಲೇ ಹೇಳಿದೆಯಲ್ಲ, ಈ ಸಂಗ ಬಿಡಿಸುವುದು ಹೇಗೆ?’

ತಾಯಿ, ನಿಮ್ಮ ಆತಂಕ ಸುಳ್ಳಲ್ಲ. ಹರೆಯದ ಹುಡುಗ ಯಾರ ಬೈಕಿನ ಹಿಂದೆ ಕೂರುತ್ತಾನೆಂದು ಹೆತ್ತವರು ನೋಡಲೇಬೇಕು. ಬೈಬಲಿನಲ್ಲಿ ರಾಜ ದಾವೀದನ ಮಗ ಅಮ್ನೋನನನ್ನು ಹಾಳು ಮಾಡಿದ್ದು ಗೆಳೆಯ ಯೋನಾದಾಬನ ಉಪಾಯವೇ. ಆದರೆ ಈ ಯೋನಾದಾಬ ಹೊರಗಿನವನೇನಲ್ಲ, ದಾವೀದನ ಒಡಹುಟ್ಟಿದವನ ಮಗ! ದಾವೀದನ ಮೊಮ್ಮಗ ರೆಹಬ್ಬಾಮನ ರಾಜ್ಯ ಒಡೆಯುವಂತೆ ಕಿವಿಯೂದಿದವರೂ ಅವನ ಜೊತೆಯಲ್ಲೇ ಬೆಳೆದವರು.

ನೀವು ಉದ್ಧರಿಸಿದ ವಾಕ್ಯವನ್ನೇ ನೋಡಿ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ‘ಸತ್ತವರಿಗೆ ಪುನರುತ್ಥಾನವಿಲ್ಲ’ ಎಂದು ಕ್ರೈಸ್ತ ಸಭೆಯೊಳಗೇ ಕುಳಿತು ವಾದಿಸುತ್ತಿದ್ದವರ ಪ್ರಸ್ತಾಪ ಅಲ್ಲಿನದು. ಸಾಲು ಗ್ರೀಕ್ ನಾಟಕಕಾರ ಮೆನಾಂಡರನದೆಂದು ವಿದ್ವಾಂಸರು ಹೇಳುತ್ತಾರೆ. ಸಹವಾಸದ ಎಚ್ಚರಿಕೆ ಕೊಡುವುದಕ್ಕೂ ಪತ್ರ ಬರೆದ ಪೌಲನಿಗೆ ಅನ್ಯರ ನಾಟಕವೇ ಒದಗಿತು! ಅದೇ ಪತ್ರದ 5ನೆಯ ಅಧ್ಯಾಯದಲ್ಲಿ, ಲೋಕದ ಪಾಪಿಗಳನ್ನೆಲ್ಲ ದೂರವಿಡಬೇಕಾದರೆ ಲೋಕವನ್ನೇ ಬಿಟ್ಟು ಹೋಗಬೇಕಾದೀತು ಎಂದೂ ಬರೆದಿದ್ದಾನೆ. ಇದರ ಮೇಲೆ ಚರ್ಚಿನಲ್ಲೊಂದು ಉಪದೇಶ ಕೇಳಿ ಎಷ್ಟು ಕಾಲವಾಯಿತೋ.

ನನಗೆ ಗೊತ್ತಿರುವ ತೋಟದ ಮಾಲೀಕರೊಬ್ಬರು ಭಾನುವಾರದ ಆರಾಧನೆ ತಪ್ಪಿಸುವವರಲ್ಲ. ಕಾಫಿ ಕೊಯ್ಲಿನ ಸಂಜೆ ಹೆಂಗಸರು ತಂದ ಹಣ್ಣಿನ ತೂಕದಲ್ಲಿ ಚೀಲಕ್ಕೆಂದು ಎರಡು ಕಿಲೋ ಕಳೆಯುತ್ತಿದ್ದರು. ಸಭೆಯ ಹಿರಿಯರೂ ಆ ಕಣದಲ್ಲಿ ಕಾಫಿ ಕುಡಿಯುತ್ತ ಇದನ್ನು ನೋಡಿದವರೇ, ಯಾರೂ ತುಟಿ ಬಿಚ್ಚಲಿಲ್ಲ. ಒಂದು ದಿನ ಪಕ್ಕದ ತೋಟದ ಕೊಡವ ಗೆಳೆಯ ಬರಿದಾದ ಗೋಣಿಚೀಲವನ್ನು ಕೊಡವಿ, ಮಡಿಸಿ, ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದ. ಮುಳ್ಳು ಒಂದು ಕಿಲೋವನ್ನೂ ಮುಟ್ಟಲಿಲ್ಲ. ‘ಉಳಿದದ್ದು ಯಾರ ಲೆಕ್ಕಕ್ಕೆ?’ ಎಂದ. ಮಾಲೀಕರು ಮೂರು ವಾರ ಮಾತು ಬಿಟ್ಟರು, ಆದರೆ ಕಡಿತವೂ ನಿಂತಿತು. ಮೋಸದ ತ್ರಾಸು ಕರ್ತನಿಗೆ ಅಸಹ್ಯ ಎಂಬ ಬೈಬಲಿನ ಜ್ಞಾನೋಕ್ತಿಯನ್ನು ಆ ಗೆಳೆಯ ಓದಿರಲಾರ.

ನಿಮ್ಮ ಊರನ್ನೇ ಮರೆತಿರಾ? ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ಯಾಥೋಲಿಕರಿಗೆ ನೆಲೆ ಕೊಟ್ಟವನು ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ. 1792ರ ಸಂತ ಅನ್ನಮ್ಮನವರ ಚರ್ಚಿನ ಹಿಂದೆ ಲಿಂಗಾಯತ ರಾಜನೊಬ್ಬನ ಔದಾರ್ಯವಿದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಕೈ ಹಿಡಿದು ಎಳೆದವನ ಧರ್ಮವನ್ನು ಯಾರು ಕೇಳಿದರು?

ಈಗ ನೋಡಿದರೆ ಸಭೆಯ ಸಮಿತಿ ಚುನಾವಣೆಗೆ ಎರಡು ಬಣ, ಬಣಕ್ಕೊಂದು ವಾಟ್ಸ್ಆ್ಯಪ್ ಗುಂಪು, ಗುಂಪಿನ ತುಂಬ ನೆರೆಯವರ ಚಾಡಿ. ಅದರ ಕೆಳಗೆ ‘ಆಮೆನ್’ ಹಾಕುವವರೇ ಮಕ್ಕಳಿಗೆ ಒಳ್ಳೆಯ ಸಂಗದ ಪಾಠ ಹೇಳುತ್ತಾರೆ. ಸುಂಕ ವಸೂಲಿ ಮಾಡುವ ಲೇವಿಯ ಮನೆಯಲ್ಲಿ ಯೇಸು, ಜನ ಹೀನವಾಗಿ ಕಾಣುತ್ತಿದ್ದ ಸುಂಕದವರ ಪಂಕ್ತಿಯಲ್ಲಿ ಕುಳಿತಾಗ ಹೊರಗೆ ಗೊಣಗಿದವರೂ ಇಂಥವರೇ.

ಈ ಕ್ರಿಸ್‌ಮಸ್‌ಗೆ ಮೂವರನ್ನೂ ಊಟಕ್ಕೆ ಕರೆಯಿರಿ. ಮಗ ಬಡಾಯಿ ಕೊಚ್ಚಿದಾಗ ‘ಸುಳ್ಳು ಹೇಳಬೇಡ’ ಎನ್ನುವವನು ಯಾರೆಂದು ಬಡಿಸುತ್ತಲೇ ಗಮನಿಸಿ, ಅವನ ಸಂಗ ಬಿಡಿಸಬೇಡಿ. ಮೂವರೂ ತಲೆಯಾಡಿಸುವವರೇ ಆಗಿದ್ದರೆ ಮತ್ತೆ ಬರೆಯಿರಿ, ಆಗ ನಿಮ್ಮ ಪರವಾಗಿ ಮಾತನಾಡುತ್ತೇನೆ. ಪಂದಿಕರಿ, ಅಂದರೆ ಹಂದಿ ಮಾಂಸದ ಸಾರು, ಮಾಡುವುದಿದ್ದರೆ ಮುಸ್ಲಿಂ ಹುಡುಗನಿಗಾಗಿ ಕೋಳಿ ಸಾರಿನ ಪಾತ್ರೆ, ಸೌಟು ಎರಡನ್ನೂ ಬೇರೆ ಇಡಿ.