ಗಿಣಿಗಳ ಮರಿ ಮಾಡಿಸುವ ಜಾಗಕ್ಕೆ ಜನರನ್ನೂ ಬಿಡಬಹುದೇ?

ಅರಸೀಕೆರೆ ಬಳಿಯ ಎರಡು ಎಕರೆ ತೆಂಗಿನ ತೋಟದಲ್ಲಿ ವಿದೇಶಿ ಗಿಣಿಗಳನ್ನು ಸಾಕಿ, ಮರಿ ಮಾಡಿಸಿ, ಟಿಕೆಟ್ ಇಟ್ಟು ಜನರಿಗೂ ತೋರಿಸಬೇಕೆಂದಿದ್ದೀರಿ. ಎರಡೂ ಒಟ್ಟಿಗೆ ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯವಿದೆ. ಆದರೆ ಮೊಟ್ಟೆಯಿಟ್ಟ ಜೋಡಿ ಟಿಕೆಟ್ ಕೊಂಡು ಬಂದವರ ಕಣ್ಣಿಗೆ ಒಂದು ದಿನವೂ ಬೀಳಬಾರದು. ಇಂಥದೇ ಒಂದು ಕೇಂದ್ರದಲ್ಲಿ ಒಂಬತ್ತು ವರ್ಷ ಮರಿಗಳ ವಿಭಾಗ ನೋಡಿಕೊಂಡವನು ನಾನು. ಈ ಮಾತನ್ನು ಮೊಟ್ಟೆಗಳನ್ನು ಕಳೆದುಕೊಂಡು ಕಲಿತೆ.

ನಮ್ಮಲ್ಲಿ ಆಫ್ರಿಕನ್ ಗ್ರೇ ಎಂಬ ಬೂದು ಗಿಣಿಗಳ ಜೋಡಿಯೊಂದಿತ್ತು. ನಾಲ್ಕು ವರ್ಷ ಒಂದೇ ಪಂಜರದಲ್ಲಿದ್ದರೂ ಗೂಡುಪೆಟ್ಟಿಗೆಯತ್ತ ತಿರುಗಿಯೂ ನೋಡಿರಲಿಲ್ಲ. ಐದನೆಯ ವರ್ಷ ಹೆಣ್ಣು ಮೂರು ಮೊಟ್ಟೆ ಇಟ್ಟಿತು. ಹತ್ತನೆಯ ದಿನ ಸಣ್ಣ ಟಾರ್ಚ್ ಹಿಡಿದು ನೋಡಿದಾಗ ಎರಡು ಮೊಟ್ಟೆಗಳಲ್ಲಿ ಕೆಂಪು ನರಗಳು ಜೇಡನ ಬಲೆಯಂತೆ ಹರಡಿದ್ದವು. ನಡುವೆ ಒಂದು ಚುಕ್ಕಿ ಮಿಡಿಯುತ್ತಿತ್ತು. ಗ್ರೇ ಗಿಣಿ ಸುಮಾರು 28 ದಿನ ಕಾವು ಕೂರುತ್ತದೆ. ಇಪ್ಪತ್ತೊಂದನೆಯ ದಿನಕ್ಕೆ ದಸರಾ ರಜೆಯ ಜಾತ್ರೆ. ಬೇಕಾದವರು ಯಾರೋ ಬಂದಿದ್ದಾರೆ, ಒಮ್ಮೆ ತೋರಿಸಿಬಿಡಿ ಎಂದು ಕೇಂದ್ರದವರೇ ಹಿಂದಿನ ಬಾಗಿಲು ತೆರೆಸಿದರು. ನಾಲ್ಕು ಮೊಬೈಲ್‌ಗಳು ಪೆಟ್ಟಿಗೆಯ ಕಂಡಿಗೆ ಬೆಳಕು ಹೊಡೆದವು. ಹೆಣ್ಣು ದಡಬಡಿಸಿ ಹೊರಬಂದು ಮೂಲೆಯ ಕೊಂಬೆ ಹಿಡಿದು ಕುಳಿತದ್ದು, ಕತ್ತಲಾದರೂ ಇಳಿಯಲಿಲ್ಲ. ಕೂಡಲೇ ಮೊಟ್ಟೆಗಳನ್ನು ಇನ್‌ಕ್ಯುಬೇಟರ್‌ಗೆ ಹಾಕಬೇಕಿತ್ತು. ರಾತ್ರಿ ತಾನಾಗಿ ಇಳಿಯುತ್ತದೆ ಎಂದು ನಾನು ಕಾದೆ. ಬೆಳಿಗ್ಗೆ ಕೈ ಹಾಕಿದಾಗ ಮೊಟ್ಟೆಗಳು ಹೊಳೆಯ ಕಲ್ಲಿನಂತೆ ತಣ್ಣಗಿದ್ದವು. ನಾನು ಅಲ್ಲಿರುವವರೆಗೂ ಆ ಜೋಡಿ ಮತ್ತೆ ಮೊಟ್ಟೆ ಇಡಲಿಲ್ಲ.

ಆದ್ದರಿಂದ ನಿಮ್ಮ ಎರಡು ಎಕರೆಯನ್ನು ಎರಡು ಮನೆಗಳೆಂದೇ ಎಣಿಸಿ. ಮುಂದಿನ ಮನೆ ಜನರಿಗೆ, ಹಿಂದಿನದು ಮರಿಗಳಿಗೆ. ಸಾಧ್ಯವಾದರೆ ಕೆಲಸಗಾರರೂ ಬೇರೆ, ಚಪ್ಪಲಿ, ಬಕೆಟ್, ಪೊರಕೆಗಳಂತೂ ಖಂಡಿತ ಬೇರೆ. ಕೊಕ್ಕು ಮತ್ತು ಪುಕ್ಕ ಕೆಡಿಸುವ ವೈರಸ್ ಕಾಯಿಲೆ ಪುಕ್ಕದ ಪುಡಿಯಲ್ಲಿ, ಹಿಕ್ಕೆಯಲ್ಲಿ ಹರಡುತ್ತದೆ. ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಹೊಸ ಹಕ್ಕಿ ಎಷ್ಟೇ ಗೆಲುವಾಗಿ ಕಂಡರೂ 45 ದಿನ ದೂರದ ಕೋಣೆಯಲ್ಲಿಟ್ಟು, ಪರೀಕ್ಷೆ ಮಾಡಿಸಿಯೇ ಒಳಗೆ ಸೇರಿಸುತ್ತಿದ್ದೆವು. ಗಿಣಿಗಳಿಂದ ಮನುಷ್ಯರಿಗೂ ದಾಟುವ ಸಿಟಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯಿದೆ. ಗೂಡು ಗುಡಿಸುವ ಹುಡುಗರಿಗೆ ಮಾಸ್ಕ್ ಕೊಡಿ, ನೆಲಕ್ಕೆ ನೀರು ಚಿಮುಕಿಸಿದ ಮೇಲೆ ಗುಡಿಸಲು ಹೇಳಿ.

ಹಾಗಾದರೆ ಜನರಿಗೆ ತೋರಿಸುವುದು ಯಾವುದನ್ನು? ಜೋಡಿಯಾಗದ ಹಕ್ಕಿಗಳು, ವಯಸ್ಸಾದವು, ಮನೆಯಲ್ಲಿ ಸಾಕಿ ಬೇಸತ್ತವರು ತಂದುಬಿಟ್ಟವು. ಇವುಗಳಲ್ಲಿ ಹಲವು ಮನುಷ್ಯರನ್ನು ಕಂಡರೆ ಹತ್ತಿರ ಬರುತ್ತವೆ, ಜನರಿಗೂ ಖುಷಿ. ಎಕ್ಲೆಕ್ಟಸ್ ಜಾತಿಯದೊಂದು ಗಂಡು, ಒಂದು ಹೆಣ್ಣು ಇಟ್ಟರೆ ಮಕ್ಕಳಿಗೆ ಅದೇ ದೊಡ್ಡ ಪಾಠ: ಗಂಡು ಹಸಿರು, ಹೆಣ್ಣು ಕಡುಗೆಂಪು. ಇವೆರಡು ಬೇರೆ ಜಾತಿಗಳೆಂದೇ ಹಿಂದೆ ವಿಜ್ಞಾನಿಗಳು ತಿಳಿದಿದ್ದರು. ಗ್ರೇ, ಮಕಾವ್ ಎಂಬ ಉದ್ದ ಬಾಲದ ದೊಡ್ಡ ಗಿಣಿ, ಇವುಗಳಲ್ಲಿ ನೋಡಿದರೆ ಗಂಡು ಹೆಣ್ಣು ತಿಳಿಯುವುದಿಲ್ಲ. ಎದೆಯ ಪುಕ್ಕ ಕಿತ್ತು ಡಿಎನ್ಎ ಪರೀಕ್ಷೆಗೆ ಕಳಿಸಬೇಕು. ಗೂಡಿನೊಳಗೆ ಸಣ್ಣ ಕ್ಯಾಮೆರಾ ಇಟ್ಟು ಮುಂದಿನ ಕೋಣೆಯ ಟಿವಿಯಲ್ಲಿ ತೋರಿಸಿ. ತಾಯಿ ಗುಟುಕು ಕೊಡುವುದನ್ನು ಜನ ಉಸಿರು ಬಿಗಿಹಿಡಿದು ನೋಡುತ್ತಾರೆ, ತಾಯಿಗೆ ಅದರ ಸುಳಿವೂ ಇರುವುದಿಲ್ಲ.

ಇದರ ಜೊತೆಗೇ ಕಾನೂನಿನ ಮಾತು. ಶೆಡ್ಡಿಗೆ ಪಾಯ ತೆಗೆಯುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಬನ್ನಿ. ಕಾಡುಪ್ರಾಣಿ ಪಕ್ಷಿಗಳನ್ನು ಸಾರ್ವಜನಿಕರಿಗೆ ತೋರಿಸುವ ಜಾಗ ಕಾನೂನಿನ ಲೆಕ್ಕದಲ್ಲಿ ಮೃಗಾಲಯವಾಗಬಹುದು; ಆಗ ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಜಾರಿಗೆ ಬಂದ ಮೇಲೆ ಸೈಟಿಸ್ ಎಂಬ, ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಗಿಣಿಗಳ ಒಡೆತನವನ್ನು, ಹುಟ್ಟಿದ ಮರಿಯನ್ನು, ಸತ್ತ ಹಕ್ಕಿಯನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ದಾಖಲಿಸಬೇಕು. ಆಫ್ರಿಕನ್ ಗ್ರೇ ಸೈಟಿಸ್‌ನ ಮೊದಲ ಪಟ್ಟಿಯಲ್ಲಿದೆ, ಮರಿ ಮಾಡಿಸಲು ಪರವಾನಗಿಯೂ ಬೇಕು. ನಮ್ಮ ತೋಟಗಳಲ್ಲಿ ಹಾರಾಡುವ ಗಿಳಿಗಳನ್ನು ಸಾಕುವುದೇ ಅಪರಾಧ. ಯಾರಾದರೂ ರಟ್ಟಿನ ಡಬ್ಬಿಯಲ್ಲಿ ಹಸಿರು ಮರಿಗಳನ್ನು ತಂದು "ಇಟ್ಟುಕೊಳ್ಳಿ ಸ್ವಾಮಿ" ಎಂದರೆ ಪಂಜರಕ್ಕೆ ಹಾಕಬೇಡಿ, ಇಲಾಖೆಗೆ ತಿಳಿಸಿ.

ಆಹಾರದ ಬಗ್ಗೆ ಒಂದೇ ಮಾತು: ಸೂರ್ಯಕಾಂತಿ ಬೀಜವನ್ನು ನೆಚ್ಚಬೇಡಿ. ಮೊಳಕೆ ಬಂದ ಹೆಸರುಕಾಳು, ನವಣೆ, ನುಗ್ಗೆಸೊಪ್ಪು, ಸೀಬೆಹಣ್ಣು ನಮ್ಮಲ್ಲಿ ಧಾರಾಳವಾಗಿ ಸಿಗುತ್ತವೆ. ಬೆಣ್ಣೆಹಣ್ಣು ಗಿಣಿಗೆ ವಿಷ. ಬಂದವರು ಕೈಯಲ್ಲಿರುವ ಚಾಕೊಲೇಟನ್ನು ಜಾಲರಿಯೊಳಗೆ ತೂರಿಸುವುದನ್ನು ತಡೆಯಲು ನಡುವೆ ಮೂರಡಿ ಅಂತರದ ಕಟಕಟೆ ಹಾಕಿ, ಬರೀ ಫಲಕದಿಂದ ಆಗುವ ಕೆಲಸವಲ್ಲ.

ಮರಿಗಳನ್ನು ಕೈಯಲ್ಲೇ ಬೆಳೆಸಿ ಜನರ ಹೆಗಲ ಮೇಲೆ ಕೂರಿಸುವ ಆಸೆ ನಿಮಗೂ ಬರುತ್ತದೆ, ದುಡ್ಡೂ ಅದರಲ್ಲೇ ಇದೆ. ಆದರೆ ಮರಿಗೆ ಕುಡಿಸುವ ಗಂಜಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಹೆಚ್ಚು ಬಿಸಿಯಾದರೆ ಕತ್ತಿನ ಕೆಳಗಿನ ಮೇವಿನ ಚೀಲ ಸುಟ್ಟು ತೂತಾಗುತ್ತದೆ, ತಣ್ಣಗಾದರೆ ಅಲ್ಲೇ ನಿಂತು ಹುಳಿಯುತ್ತದೆ. ಎಷ್ಟೇ ಜಾಗ್ರತೆಯಿಂದ ಬೆಳೆಸಿದರೂ ಮನುಷ್ಯರನ್ನೇ ತನ್ನವರೆಂದು ನಂಬಿದ ಹಕ್ಕಿ ಮುಂದೆ ಜೋಡಿಯಾಗಲು ಒದ್ದಾಡುತ್ತದೆ. ತಾಯ್ತಂದೆ ಇರುವಾಗ ಮರಿಯನ್ನು ಅವುಗಳ ಬಳಿಯೇ ಬಿಡಿ. ಹಕ್ಕಿಗೆ ಬದುಕು ಕಲಿಸುವುದು ಹಕ್ಕಿಯೇ. ಸ್ಪಿಕ್ಸ್ ಮಕಾವ್ ಎಂಬ ನೀಲಿ ಗಿಣಿ 2000ದ ಹೊತ್ತಿಗೆ ಕಾಡಿನಿಂದ ಕಣ್ಮರೆಯಾಗಿತ್ತು. ಬಂಧನದಲ್ಲಿ ಹುಟ್ಟಿದ ಹಕ್ಕಿಗಳನ್ನೇ 2022ರಲ್ಲಿ ಬ್ರೆಜಿಲ್‌ನ ಬಯಲಿಗೆ ಹಾರಿಬಿಟ್ಟರು. ಜೊತೆಗೆ ಆ ಸೀಮೆಯ ಇನ್ನೊಂದು ಜಾತಿಯ ಕಾಡುಗಿಣಿಗಳನ್ನೂ ಬಿಟ್ಟಿದ್ದರು, ಬದುಕುವ ದಾರಿ ಅವುಗಳಿಂದ ಕಲಿಯಲಿ ಎಂದು.

ಈಗಲೇ ಮಕಾವ್ ಕೊಳ್ಳಬೇಡಿ. ಮೊದಲ ವರ್ಷ ಕಾಕಟೀಲ್ ಎಂಬ ಜುಟ್ಟಿನ ಸಣ್ಣ ಗಿಣಿ ನಾಲ್ಕು ಜೋಡಿ ಸಾಕಿ, ಇಲಿ ಮತ್ತು ಕೇರೆಹಾವು ಎಲ್ಲಿಂದ ನುಗ್ಗುತ್ತವೆಂದು ನೋಡಿಕೊಳ್ಳಿ. ವಾಹನ ನಿಲ್ಲಿಸುವ ಜಾಗ ರಸ್ತೆಯ ಕಡೆಗೇ ಇರಲಿ, ಗೂಡಿನ ಮನೆ ತೋಟದ ಕೊನೆಯ ಸಾಲಿನಾಚೆ. ಆ ಬಾಗಿಲಿನ ಬೀಗದ ಕೈ ಒಂದೇ ಇರಲಿ, ಅದು ಹಕ್ಕಿ ನೋಡಿಕೊಳ್ಳುವವನ ಜೇಬಿನಲ್ಲಿರಲಿ.