ಐಷಾರಾಮಿ ಸ್ಪೋರ್ಟ್ಸ್ ಸೆಡಾನ್‌ಗಳು: ಓಟ ಮತ್ತು ಖರ್ಚು

ಬಿಎಂಡಬ್ಲ್ಯು ಎಂ3 ಕಾಂಪಿಟಿಷನ್, ಮರ್ಸಿಡಿಸ್-ಎಎಂಜಿ ಸಿ63 ಎಸ್ ಇ ಪರ್ಫಾರ್ಮೆನ್ಸ್ ಮತ್ತು ಆಲ್ಫಾ ರೋಮಿಯೊ ಜೂಲಿಯಾ ಕ್ವಾಡ್ರಿಫೋಲಿಯೊ, ಈ ಮೂರರಲ್ಲಿ ಓಟಕ್ಕೂ ಖರ್ಚಿಗೂ ಒಗ್ಗುವುದು ಯಾವುದು ಎಂದರೆ, ನನ್ನ ಆಯ್ಕೆ ಎಂ3.

ಅಂಕಿಗಳಲ್ಲಿ ಎಎಂಜಿಯೇ ಮುಂದಿದೆ: 2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ವಿದ್ಯುತ್ ಮೋಟಾರಿನೊಡನೆ ಸೇರಿ 680 ಅಶ್ವಶಕ್ತಿ ನೀಡುತ್ತದೆ ಮತ್ತು ಕಾರು 3.4 ಸೆಕೆಂಡಿನಲ್ಲಿ ಗಂಟೆಗೆ 100 ಕಿ.ಮೀ. ವೇಗ ಮುಟ್ಟುತ್ತದೆ. ಆದರೆ ಬ್ಯಾಟರಿ, ಮೋಟಾರುಗಳಿಂದಾಗಿ ಅದರ ತೂಕ 2,100 ಕಿಲೋ ದಾಟಿದ್ದು, ಆ ಭಾರವನ್ನು ಪ್ರತಿ ತಿರುವಿನಲ್ಲೂ ಟೈರು, ಬ್ರೇಕುಗಳೇ ಹೊರಬೇಕಾಗುತ್ತದೆ. 530 ಅಶ್ವಶಕ್ತಿಯ (2024ಕ್ಕೆ ಮುಂಚೆ 510), ಆರು ಸಿಲಿಂಡರಿನ ಎಂ3ಯ ನಾಲ್ಕು ಚಕ್ರ ಚಾಲನೆಯ ಮಾದರಿಗೆ ಅದೇ ವೇಗ ತಲುಪಲು 3.5 ಸೆಕೆಂಡು ಸಾಕು. ರಸ್ತೆಯಲ್ಲಿ ಈ ಅಂತರ ಯಾರ ಅರಿವಿಗೂ ಬಾರದು. ಸ್ಟೀರಿಂಗಿನ ಚುರುಕಿನಲ್ಲಿ ಮಾತ್ರ, ಮೂರರಲ್ಲಿ ಹಗುರವಾದ ಜೂಲಿಯಾಗೆ ಸಾಟಿಯಿಲ್ಲ. ಆದರೆ ಅದರ ಸರ್ವಿಸ್ ಕೇಂದ್ರಗಳ ಜಾಲ ಚಿಕ್ಕದು.

ಖರ್ಚೆಂದರೆ ಇಂಧನವೆಂದೇ ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಮೊದಲ ಕೆಲವು ವರ್ಷಗಳಲ್ಲಿ ಮರುಮಾರಾಟದ ಬೆಲೆ ಇಳಿಯುವುದೇ ಅತಿ ದೊಡ್ಡ ನಷ್ಟ, ಅದರ ನಂತರ ವಿಮೆ ಮತ್ತು ಟೈರು. ಎಂ3ಯಲ್ಲಿ ಮುಂದೆ 19 ಇಂಚಿನ, ಹಿಂದೆ 20 ಇಂಚಿನ ಚಕ್ರಗಳಿರುವುದರಿಂದ ಟೈರುಗಳನ್ನು ಹಿಂದುಮುಂದು ಬದಲಿಸಿ ಬಾಳಿಕೆ ಹೆಚ್ಚಿಸಲು ಆಗುವುದಿಲ್ಲ. ಹಳೆಯ ಕಾರು ಕೊಳ್ಳುವವರು ಹಿಂದಿನ ಟೈರಿನ ಒಳ ಅಂಚನ್ನು ಬೆರಳಿನಿಂದ ಸವರಿ ನೋಡಲೇಬೇಕು, ಏಕೆಂದರೆ ಹೊರಗೆ ಗೆರೆಗಳು ಆಳವಾಗಿ ಕಾಣುವಾಗಲೂ ಒಳಬದಿ ನುಣ್ಣಗೆ ಸವೆದಿರಬಹುದು. ರೇಸ್ ಟ್ರ್ಯಾಕಿಗೆ ಹೋಗದವರಿಗೆ ಕಾರ್ಬನ್-ಸೆರಾಮಿಕ್ ಬ್ರೇಕು ಬೇಡ. ಅದರ ಡಿಸ್ಕ್ ಬದಲಿಸುವ ವೆಚ್ಚ ಉಕ್ಕಿನದಕ್ಕಿಂತ ಹಲವು ಪಟ್ಟು ಹೆಚ್ಚು.